ಮರಳು, ಕಡತ, ಲೆಕ್ಕಣಿಕೆ
(ಮಂಡ್ಯದ ಸೀಮೆಯಲ್ಲಿ ಮಕ್ಕಳ ಬರೆವಣಿಗೆಯ ಪೂರ್ವವೃತ್ತಾಂತ)

ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಕನ್ನಡಿಗರಿಗೆ ಚಿರಪರಿಚಿತವಾದುದು. ಕ್ರಿ.ಶ. 949-50ರ ಆ ಶಾಸನವು ಹಂದಿಯೊಡನೆ ಕಾದಾಡಿ ಮಡಿದ ಕಾಳಿಯೆಂಬ ನಾಯಿಯ ನೆನಪನ್ನು ಸಹಸ್ರ ವರ್ಷಗಳ ಕಾಲ ಉಳಿಸಿದೆ. ಆ ಅಕ್ಷರಗಳನ್ನು ಬರೆದ ಕೈಯೂ ಒಂದು ಕಾಲಕ್ಕೆ ಮಗುವಿನ ಕೈಯೇ. ಯಾರೋ ಒಬ್ಬರು ಅದನ್ನು ಹಿಡಿದು ತಿದ್ದಿಸಿರಲೇಬೇಕು. ವೀರರ ಕೀರ್ತಿಯು ಕಲ್ಲಿನಲ್ಲಿ ನಿಂತಿತು. ತಿದ್ದಿಸಿದವರ ಕಾರ್ಯವಾದರೋ ಅಳಿಸಿಹೋಯಿತು.

ಸರಕಾರದ ಶಾಲೆಗಳು ಹುಟ್ಟುವುದಕ್ಕೆ ಮುಂಚೆ ಮಂಡ್ಯ, ಮದ್ದೂರು, ಮಳವಳ್ಳಿಗಳು ಸೇರಿದ್ದ ಮೈಸೂರು ಸೀಮೆಯಲ್ಲಿ ಬಾಲಶಿಕ್ಷಣವು ಕೂಲಿಮಠಗಳಲ್ಲಿ ನಡೆಯುತ್ತಿತ್ತು. ದೇವಾಲಯದ ಕೈಸಾಲೆಯೋ ಊರಿನ ಹಿರಿಯರ ಮನೆಯ ಜಗುಲಿಯೋ ಮಠವಾಗುತ್ತಿತ್ತು. ಪಾಠ ಹೇಳುವ ಐಗಳಿಗೆ ಮಕ್ಕಳ ಮನೆಯಿಂದ ಬರುವ ಧಾನ್ಯ ಮತ್ತು ಅಲ್ಪಸ್ವಲ್ಪ ಹಣ, ಮಹಾನವಮಿಯಲ್ಲಿ ಮಕ್ಕಳು ಮನೆಮನೆಯ ಮುಂದೆ ಚೌಪದ ಹಾಡಿ ತರುವ ಕಾಣಿಕೆ, ಇವೇ ಜೀವನಾಧಾರ. ಮಗುವಿನ ಮೊದಲ ಲೇಖನಿ ಅದರ ಬೆರಳು. ಮೊದಲ ಹಾಳೆ ನೆಲದ ಮೇಲೆ ಹರಡಿದ ಮರಳು. ಐಗಳು ಬರೆದ ಅಕ್ಷರದ ಜಾಡಿನಲ್ಲಿಯೇ ಬೆರಳಾಡಿಸುತ್ತ, ಬಾಯಲ್ಲಿ ಅದರ ಹೆಸರನ್ನು ಹೇಳುತ್ತ, ಮಗುವು ಓನಾಮದಿಂದ ಕಾಗುಣಿತಕ್ಕೆ ನಡೆಯುತ್ತಿತ್ತು. ತಲಕಟ್ಟು, ಕೊಂಬು, ಏತ್ವಗಳು ಕಣ್ಣಿಗಿಂತ ಮೊದಲು ಕೈಗೆ ಪರಿಚಯವಾಗುತ್ತಿದ್ದುವು.

ಮರಳಿನಲ್ಲಿ ಕೈ ಕುದುರಿದ ಮೇಲೆ ಕಡತ. ಹುಣಸೆಬೀಜದ ಸರಿಗೆ ಇದ್ದಲ ಪುಡಿಯನ್ನು ಕಲಸಿ, ಬಟ್ಟೆಯ ಎರಡು ಮಗ್ಗುಲಿಗೂ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿದರೆ ಕಡತವಾಯಿತು. ಬರೆಯುವುದಕ್ಕೆ ಬಳಪದ ಕಡ್ಡಿ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ, ಎರಡು ತುದಿಗೂ ಬಣ್ಣದ ಹಲಗೆ. ತಪ್ಪಿದುದನ್ನು ಒರೆಸಿ ಮತ್ತೆ ಬರೆಯಬಹುದು. ಜೋಪಾನ ಮಾಡಿದರೆ ಬಹುಕಾಲ ಬಾಳಿಕೆ ಬರುವುದು. ಶಾನುಭೋಗರ ಲೆಕ್ಕ, ವರ್ತಕರ ಕೊಡುಕೊಳೆಗಳು ಇದರಲ್ಲಿಯೇ ಇದ್ದುವು. ಆದುದರಿಂದ ಮಗುವು ಆಟದಂತೆ ಹಿಡಿದ ಬಳಪವೇ ಮುಂದೆ ಒಂದು ಊರಿನ ಹೊಲಗದ್ದೆಗಳ ಹಕ್ಕನ್ನು ಬರೆಯುವ ಬಳಪವಾಗಬಹುದಾಗಿತ್ತು.

ಓಲೆಗರಿ, ಕಾಗದಗಳು ಬಲಿತ ಕೈಗೆ ಮೀಸಲು. ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಮಸಿ ಸವರಬೇಕು. ಗೆರೆ ಬಿರುಸಾದರೆ ಗರಿಯೇ ಸೀಳುವುದು. ನಮ್ಮ ಅಕ್ಷರಗಳ ದುಂಡುತನಕ್ಕೆ ಇದೂ ಒಂದು ಕಾರಣವೆಂದು ಹೇಳುವವರುಂಟು. ಕಾಗದಕ್ಕೆ ಸೀಳಿ ಕೊರೆದ ಲೆಕ್ಕಣಿಕೆ, ದೀಪದ ಕಾಡಿಗೆಗೆ ಅಂಟು ಬೆರೆಸಿದ ಮಸಿ.

ಇಷ್ಟನ್ನು ಹೇಳಿ ಹಳೆಯ ಕಾಲವನ್ನು ಕೇವಲ ಕೊಂಡಾಡುವುದು ನ್ಯಾಯವಲ್ಲ. ಕೂಲಿಮಠದ ಮರಳು ಎಲ್ಲ ಮಕ್ಕಳ ಬೆರಳಿಗೂ ದೊರೆಯಲಿಲ್ಲ. ಹೆಣ್ಣುಮಕ್ಕಳಲ್ಲಿ ಬಹುಮಂದಿಯೂ ಅಸ್ಪೃಶ್ಯರೆನಿಸಿದವರ ಮಕ್ಕಳೂ ಹೊರಗೇ ಉಳಿದರು. ತನ್ನ ಭೂಮಿಯ ಪತ್ರವನ್ನು ತಾನು ಓದಲಾರದೆ, ಪರರ ಮಾತನ್ನು ನಂಬಿ ಹೆಬ್ಬೆಟ್ಟು ಒತ್ತಿದ ರೈತನ ಸಂಕಟವು ಈ ಚರಿತ್ರೆಯ ಇನ್ನೊಂದು ಮುಖ. 1868ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆ ಹೊರಟಿತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದಿತು. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದ 1939ರ ವೇಳೆಗೆ ಸ್ಲೇಟು, ಅಚ್ಚಿನ ಪುಸ್ತಕ, ಉಕ್ಕಿನ ಮುಳ್ಳಿನ ಲೇಖನಿಗಳು ಬಳಕೆಗೆ ಬಂದಿದ್ದುವು. ಬಾಗಿಲು ಅಗಲವಾಯಿತು, ಆದರೆ ಕೈಯನ್ನು ಹಿಡಿದು ತಿದ್ದಿಸುವ ಸಾವಧಾನವು ಕ್ರಮೇಣ ಕ್ಷೀಣಿಸಿತು.

ವಿಜಯದಶಮಿಯಂದು ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಪದ್ಧತಿ ಇಂದಿಗೂ ಉಳಿದಿದೆ. ಅದು ಒಂದು ದಿನದ ಶಾಸ್ತ್ರವಾಗಿ ಮುಗಿಯದೆ, ಕೆಲವು ತಿಂಗಳ ಅಭ್ಯಾಸವಾಗಿ ಮುಂದುವರಿದರೆ ವೆಚ್ಚವೇನೂ ಇಲ್ಲ. ಶಿಂಷೆಯ ದಡದಲ್ಲಿ ಮರಳಿಗೆ ಬರವಿಲ್ಲದ ಕಾಲದಲ್ಲಿ ಐಗಳು ಕಂಡುಕೊಂಡಿದ್ದ ಮರ್ಮವಿಷ್ಟೆ: ಮಗುವಿಗೆ ಮೊದಲು ಬೇಕಾದುದು ಅಳಿಸಬಹುದಾದ ಹಾಳೆ, ಮತ್ತು ತಪ್ಪಿದಾಗ ಬೇಸರಪಡದ ಒಂದು ಕೈ.