ಫ್ಯೂಸು ತಂತಿಯೂ ಸಿಡಿಲೂ

ಒಂದು ಬೇಸಿಗೆಯ ರಾತ್ರಿ ಭವಾನಿಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಫ್ಯೂಸು ಹೋಯಿತು. ಅಂಗಡಿಗಳು ಮುಚ್ಚಿದ್ದವು. ಹಳೆಯ ವೈರಿನಿಂದ ತಾಮ್ರದ ನಾಲ್ಕೆಳೆ ಬಿಡಿಸಿ ಕಟ್ಟಿದೆವು. ದೀಪವೇನೋ ಹತ್ತಿತು, ನಾವೂ ಬೀಗಿದೆವು. ವಾರದೊಳಗೆ ಸ್ವಿಚ್ಚಿನ ಹಲಗೆ ಕರಗಿ ಕಪ್ಪಾಯಿತು. ನಾವು ಕಟ್ಟಿದ ತಂತಿ ಮಾತ್ರ ಜಗ್ಗಲಿಲ್ಲ! ಅಂದಿನಿಂದ ಈ ತಂತಿಯ ಪೂರ್ವೋತ್ತರವನ್ನು ತಿಳಿಯುವ ಹುಚ್ಚು ಹಿಡಿಯಿತು.

ಫ್ಯೂಸು ಹುಟ್ಟಿದ್ದು ದೀಪಕ್ಕಾಗಿ ಅಲ್ಲ, ಸಿಡಿಲಿಗಾಗಿ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. 1847ರಲ್ಲಿ ಫ್ರಾನ್ಸಿನ ಬ್ರೆಗೆ ಎಂಬಾತ, ಟೆಲಿಗ್ರಾಫ್ ಠಾಣೆಗಳನ್ನು ಸಿಡಿಲಿನಿಂದ ಉಳಿಸಲು ನಡುವೆ ಸಣ್ಣ ತಂತಿಯ ತುಂಡನ್ನು ಸೇರಿಸಬೇಕೆಂದ. ಪೆಟ್ಟು ಬಿದ್ದರೆ ತಾನು ಸುಟ್ಟು ಯಂತ್ರವನ್ನು ಉಳಿಸಲಿ ಎಂಬುದು ಉಪಾಯ. 1880ರಲ್ಲಿ ಎಡಿಸನ್ ಇದೇ ತತ್ತ್ವವನ್ನು ವಿದ್ಯುದ್ದೀಪಗಳಿಗೆ ಅಳವಡಿಸಿ ಪೇಟೆಂಟು ಪಡೆದ. ಮಿತಿ ಮೀರಿದ ಚೆಕ್ಕನ್ನು ಪಾಸು ಮಾಡದ ಗುಮಾಸ್ತನಂತೆ ಈ ತಂತಿ. ನಾವು ಅದರ ಜಾಗದಲ್ಲಿ ಕೂರಿಸಿದ್ದು ಎಲ್ಲಕ್ಕೂ ರುಜು ಹಾಕುವವನನ್ನು.

ಇನ್ನು ನಮ್ಮ ನಾಡಿನ ಮಾತು. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ದೂರ 92 ಮೈಲಿ. ಒತ್ತಡ 30,000 ವೋಲ್ಟಿಗೆ ಕಡಿಮೆಯಿಲ್ಲ. ಇದಕ್ಕಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬಯಲಿನಲ್ಲಿ ಅಷ್ಟುದ್ದ ಚಾಚಿದ ತಂತಿ ಸಿಡಿಲಿಗೆ ಆಹ್ವಾನವೇ ಸರಿ. ಅಂಥಲ್ಲಿ ಫ್ಯೂಸು ಸಾಲದು. ಅದು ಕರಗುವಷ್ಟರಲ್ಲಿ ಸಿಡಿಲು ತನ್ನ ಕೆಲಸ ಮುಗಿಸಿರುತ್ತದೆ. ಆದ್ದರಿಂದ ತಂತಿಗೂ ಭೂಮಿಗೂ ನಡುವೆ ಸಣ್ಣ ಬಿರುಕು ಬಿಡುವ ತಡೆಗಳು ಬಂದವು. ಸಾಮಾನ್ಯ ವಿದ್ಯುತ್ತು ಬಿರುಕನ್ನು ದಾಟದು, ಸಿಡಿಲು ಹಾರಿ ಮಣ್ಣು ಸೇರುತ್ತದೆ. ತೊಡಕೆಂದರೆ, ಸಿಡಿಲು ತೆರೆದ ದಾರಿಯಲ್ಲಿ ತಂತಿಯ ವಿದ್ಯುತ್ತೂ ಹಿಂಬಾಲಿಸಿ ಹರಿಯುತ್ತಿತ್ತು. ಬಾಗಿಲು ತೆರೆಯುವುದು ಸುಲಭ, ಮುಚ್ಚುವುದೇ ಕಷ್ಟ. 1930ರ ದಶಕದಲ್ಲಿ ಸಿಲಿಕಾನ್ ಕಾರ್ಬೈಡಿನ ಬಿಲ್ಲೆಗಳು ಇದನ್ನು ಬಹುಮಟ್ಟಿಗೆ ತಡೆದವು. 1960ರ ದಶಕದ ಕೊನೆಗೆ ಜಪಾನಿನ ಮತ್ಸುಷಿತಾ ಕಂಪನಿಯ ಮತ್ಸುವೋಕಾ, ಸತುವಿನ ಆಕ್ಸೈಡಿನಿಂದ ಬಿರುಕೇ ಬೇಡದ ಬಿಲ್ಲೆಯನ್ನು ಕಂಡುಹಿಡಿದರು. ಒತ್ತಡ ಏರಿದರೆ ಕ್ಷಣಾರ್ಧದಲ್ಲಿ ದಾರಿ ಬಿಡುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಪೆಟ್ಟು ತಿಂದು ತಿಂದು ಅದೂ ಸವೆಯುತ್ತದೆನ್ನಿ.

ಆ ಬಿಲ್ಲೆಯಿರುವ ಪೆಟ್ಟಿಗೆಯೊಂದನ್ನು ನಾವೂ ತಂದೆವು. ಕೂರಿಸಲು ಬಂದ ಹುಡುಗ ಕೇಳಿದ ಮೊದಲ ಮಾತು, "ಎರ್ತಿಂಗ್ ಉಂದಾ ಸಾರ್?" ಹಿತ್ತಲಲ್ಲಿ ಅಗೆದು ನೋಡಿದರೆ, ಭೂಮಿಗಿಳಿಯಬೇಕಾದ ತಂತಿ ತುಕ್ಕು ಹಿಡಿದು ಎಂದೋ ತುಂಡಾಗಿತ್ತು.