ಪತ್ತೇದಾರರು ಕಲಿಸಿದ ಕನ್ನಡ

ವಾರದ ಕೊನೆಗೆ ಓದಲು ಒಳ್ಳೆಯ ಕಾದಂಬರಿ ಹೇಳಿ, ಕೈಗೆತ್ತಿಕೊಂಡರೆ ಕೆಳಗಿಡಬಾರದು, ಓದಿ ಮುಗಿಸಿದರೆ ಕಣ್ಣು ತೇವವಾಗಬೇಕು ಎಂದು ಎಳೆಯ ಗೆಳೆಯರು ಆಗಾಗ ಕೇಳುತ್ತಾರೆ. ಹೆಸರು ಹೇಳುವುದು ಸುಲಭ. ಆದರೆ ಕುತೂಹಲ ಮತ್ತು ಕಣ್ಣೀರಿನ ಈ ಪುಸ್ತಕಗಳಿಗೂ ಒಂದು ಚರಿತ್ರೆಯಿದೆ. ಬಸವನ ಬಾಗೇವಾಡಿಯಂತಹ ಊರಿನಲ್ಲಿ ಉರ್ದು ಮನೆಯೊಳಗೆ ಹುಟ್ಟಿ ಕನ್ನಡದಲ್ಲಿ ಕತೆ ಬರೆಯಲು ಕುಳಿತ ನಮ್ಮಂಥವರ ಪಾಲಿಗೆ ಅದು ಬರೀ ಮನರಂಜನೆಯ ಚರಿತ್ರೆಯಲ್ಲ.

ನಮ್ಮ ಬಾಲ್ಯದಲ್ಲಿ ಶನಿವಾರ ಶಾಲೆ ಬೆಳಿಗ್ಗೆ ಮಾತ್ರ ಇರುತ್ತಿತ್ತು. ಮಧ್ಯಾಹ್ನ ಊಟ ಮಾಡಿ ಬಾಡಿಗೆ ಪುಸ್ತಕದ ಅಂಗಡಿಗೆ ಓಡುತ್ತಿದ್ದೆವು. ದಿನಕ್ಕೆ ಎಂಟಾಣೆ. ಹೊದಿಕೆ ಹರಿದ, ಮೂಲೆ ಮಡಚಿದ, ಎಷ್ಟೋ ಸಲ ಕೊನೆಯ ಪುಟವೇ ಇಲ್ಲದ ಕಾದಂಬರಿಗಳು. ಕೊಲೆಗಾರ ಯಾರೆಂದು ತಿಳಿಯದೆ ರಾತ್ರಿ ನಿದ್ದೆ ಬಾರದೆ ಹೊರಳಿದ್ದೂ ಉಂಟು. ಮನೆಯಲ್ಲಿ ಖಾಲಾ ಉರ್ದು ಕಾದಂಬರಿ ಹಿಡಿದು ಕುಳಿತಿರುತ್ತಿದ್ದರು. ವಿಜಾಪುರಕ್ಕೋ ಸೊಲ್ಲಾಪುರಕ್ಕೋ ಹೋದವರು ತಂದುಕೊಟ್ಟ ಆ ಪುಸ್ತಕಗಳನ್ನು ಅವರು ಗಟ್ಟಿಯಾಗಿ ಓದಿದರೆ ಓಣಿಯ ಹೆಂಗಸರೆಲ್ಲ ಸುತ್ತ ಕೂತು ಕೇಳುತ್ತಿದ್ದರು. ಶಾಲೆಯಲ್ಲಿ ನಮ್ಮ ಮಾಧ್ಯಮ ಉರ್ದು. ಕನ್ನಡವೆಂದರೆ ಪರೀಕ್ಷೆಯಲ್ಲಿ ಪಾಸಾಗಬೇಕಾದ ಒಂದು ವಿಷಯ, ಅಷ್ಟೆ. ಆ ಕನ್ನಡ ನಮ್ಮದಾದದ್ದು ಪಠ್ಯಪುಸ್ತಕದಿಂದಲ್ಲ, ಆ ಎಂಟಾಣೆಯ ಪುಸ್ತಕಗಳಿಂದ.

ಚರಿತ್ರೆಯಲ್ಲಿ ಕೆಲವು ಕಾಕತಾಳೀಯಗಳು ಅಚ್ಚರಿ ಹುಟ್ಟಿಸುತ್ತವೆ. 1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲಿಕೆ ಆರಂಭವಾಯಿತು. ಬರೆದವರು ಇಬ್ನೆ ಸಫಿ. ಅಸಲು ಹೆಸರು ಅಸ್ರಾರ್ ಅಹ್ಮದ್. ಉರ್ದುವಿನಲ್ಲಿ ಅಶ್ಲೀಲವಾದದ್ದು ಮಾತ್ರ ಮಾರಾಟವಾಗುತ್ತದೆ ಎಂದು ಯಾರೋ ಗೆಳೆಯರ ಕೂಟದಲ್ಲಿ ಹೇಳಿದಾಗ, ಇಲ್ಲ, ಅದಿಲ್ಲದೆಯೂ ಜನರನ್ನು ಓದಿಸಬಹುದೆಂದು ಅವರು ಪಂತ ಹಿಡಿದರಂತೆ. ಅದೇ 1952ರಲ್ಲಿ ಕನ್ನಡದಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ' ಪ್ರಕಟವಾಯಿತು. ಬರೆದವರು ಎನ್. ನರಸಿಂಹಯ್ಯ. ಅವರ ಶಾಲಾ ಶಿಕ್ಷಣ ನಾಲ್ಕನೇ ತರಗತಿಯವರೆಗೆ ಮಾತ್ರ. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಕಾದಂಬರಿಗಳಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ಓದಿರಲಿಕ್ಕಿಲ್ಲ. ಆದರೆ ನಮ್ಮ ಮನೆಯ ಒಂದೇ ಗೂಡಿನಲ್ಲಿ ಕರ್ನಲ್ ಫರೀದಿ ಮತ್ತು ಪತ್ತೇದಾರ ಪುರುಷೋತ್ತಮ ಅಕ್ಕಪಕ್ಕದಲ್ಲಿದ್ದರು!

ಮರಾಠಿಯನ್ನು ಮರೆಯುವಂತಿಲ್ಲ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂಡಿ, ಸಿಂದಗಿ ಭಾಗದ ಹಿರಿಯರಲ್ಲಿ ಅನೇಕರಿಗೆ ಮರಾಠಿ ಓದಲು ಬರುತ್ತಿತ್ತು. ಆ ಭಾಷೆಯಲ್ಲಿ ಬಾಬುರಾವ್ ಅರ್ನಾಳಕರರು ಸಾವಿರಕ್ಕೂ ಹೆಚ್ಚು ರಹಸ್ಯ ಕಥೆಗಳನ್ನು ಬರೆದು ರಾಶಿ ಹಾಕಿದ್ದರು. ಹೀಗೆ ಮೂರು ಭಾಷೆಗಳ ಪತ್ತೇದಾರರು ಒಂದೇ ನೆಲದಲ್ಲಿ ಕಳ್ಳರನ್ನು ಹುಡುಕುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ, ಈ ಸೀಮೆಯ ಒಡನಾಟವಿದ್ದ ಒಬ್ಬ ಇಂಗ್ಲಿಷ್ ಕಾದಂಬರಿಕಾರ ಎದುರಾಗುತ್ತಾನೆ. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಲಂಡನ್ನಿನಲ್ಲಿ 'ಕನ್ಫೆಷನ್ಸ್ ಆಫ್ ಎ ಠಗ್' ಎಂಬ ಕಾದಂಬರಿ ಪ್ರಕಟಿಸಿದ. ಅಮೀರ್ ಅಲಿ ಎಂಬ ಠಗ್ಗನೊಬ್ಬ ತಾನು ಮಾಡಿದ ಕೊಲೆಗಳನ್ನು ಸಾಹೇಬನೊಬ್ಬನ ಮುಂದೆ ಕುಳಿತು ಹೇಳುತ್ತಾ ಹೋಗುವ ಕತೆ. ಆ ಗುಂಪಿನಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಮುಂದೆ ಟೇಲರ್ ಸುರಪುರಕ್ಕೆ ಬಂದು 1853ರವರೆಗೆ ಅಲ್ಲಿನ ಆಡಳಿತ ನೋಡಿಕೊಂಡ. ವಿಜಾಪುರದ ಗೋಲಗುಮ್ಮಟ, ಇಬ್ರಾಹಿಂ ರೋಜಾಗಳ ಸೀಮೆ ಅವನ ಮನಸ್ಸನ್ನು ಹಿಡಿದಿತ್ತು. ಚಾಂದಬೀಬಿಯನ್ನು ನಾಯಕಿಯಾಗಿಸಿ ಅವನು ಬರೆದ 'ಎ ನೋಬಲ್ ಕ್ವೀನ್' ಅವನು ಸತ್ತ ಎರಡು ವರ್ಷಗಳ ನಂತರ, 1878ರಲ್ಲಿ ಹೊರಬಂತು.

ಇನ್ನು ನಮ್ಮ ಭಾಷೆಗಳಿಗೆ ಬರೋಣ. 1869ರಲ್ಲಿ ಡೆಪ್ಯುಟಿ ನಜೀರ್ ಅಹ್ಮದರ 'ಮಿರಾತುಲ್ ಉರೂಸ್' ಪ್ರಕಟವಾಯಿತು. ಉರ್ದುವಿನ ಮೊದಲ ಕಾದಂಬರಿ ಎಂದು ಸಾಮಾನ್ಯವಾಗಿ ಅದನ್ನೇ ಕರೆಯುತ್ತಾರೆ. ಮನೆಯ ಹೆಣ್ಣುಮಕ್ಕಳು ಓದಲೆಂದೇ ಬರೆದದ್ದು. ಅದೇ 1869ರಲ್ಲಿ ಗಳಗನಾಥರು ಹುಟ್ಟಿದರು. ಈ ವೆಂಕಟೇಶ ತಿರಕೋ ಕುಲಕರ್ಣಿಯವರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 1907ರಲ್ಲಿ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಆರಂಭಿಸಿದರು. ಮರಾಠಿಯ ನೆರಳಿನಲ್ಲಿದ್ದ ಈ ಭಾಗದಲ್ಲಿ ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡ ಓದುವ ಅಭ್ಯಾಸ ಬೆಳೆದದ್ದರಲ್ಲಿ ಆ ಗಂಟಿನ ಪಾಲು ದೊಡ್ಡದು.

ಆದರೆ ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ರೋಚಕ ಕತೆಗೆ ಒಬ್ಬ ಖಳನಾಯಕ ಬೇಕೇ ಬೇಕು. ಹಳೆಯ ಐತಿಹಾಸಿಕ ಕಾದಂಬರಿಗಳಲ್ಲಿ ಎಷ್ಟೋ ಕಡೆ ಆ ಪಾತ್ರ ಸುಲ್ತಾನನದು, ಅವನ ಸರದಾರನದು, ಅವನ ಸೈನ್ಯದ್ದು. ಓದುತ್ತಾ ಓದುತ್ತಾ ನಾಯಕನ ಜೊತೆ ಕುದುರೆಯೇರಿ ಹೊರಟ ನಮಗೆ ಥಟ್ಟನೆ ಅನಿಸುತ್ತಿತ್ತು, ನಾವು ಬೆನ್ನಟ್ಟುತ್ತಿರುವುದು ನಮ್ಮನ್ನೇ ಅಲ್ಲವೇ? ಪುಸ್ತಕ ಮುಚ್ಚಿ ಖಾಲಾ ಓದುತ್ತಿದ್ದ ನಸೀಮ್ ಹಿಜಾಜಿಯತ್ತ ತಿರುಗಿದರೆ ಅಲ್ಲಿ ಕುದುರೆಯ ಮೇಲೆ ನಮ್ಮವರು, ಖಳರೆಲ್ಲ ಆಚೆಯವರು. ಮೊದಮೊದಲು ಇದು ಖುಷಿ ಕೊಡುತ್ತಿತ್ತು. ಆಮೇಲೆ ಅರಿವಾಯಿತು, ಎರಡೂ ಒಂದೇ ಕತ್ತಿ, ಹಿಡಿದ ಕೈ ಮಾತ್ರ ಬೇರೆ. ಓಣಿಯ ಆಚೆ ಬದಿಯಲ್ಲಿ ನಮ್ಮ ಜೊತೆ ಗೋಲಿ ಆಡುತ್ತಿದ್ದ ಗೆಳೆಯ ಆ ಪುಸ್ತಕದಲ್ಲಿ ಯಾರಾಗಬೇಕು?

ಪತ್ತೇದಾರಿ ಕಾದಂಬರಿ ನಮ್ಮನ್ನು ಈ ಇಕ್ಕಟ್ಟಿನಿಂದ ಪಾರು ಮಾಡಿತು. ನಾವು ಓದಿದ ನರಸಿಂಹಯ್ಯನವರ ಪುಸ್ತಕಗಳಲ್ಲಿ ಕಳ್ಳನೆಂದರೆ ಕಳ್ಳ, ಅಷ್ಟೆ. ಅವನ ತಪ್ಪಿಗೆ ಅವನೊಬ್ಬನೇ ಹೊಣೆ, ಅವನ ಕುಲವಲ್ಲ. ಇಬ್ನೆ ಸಫಿಯಲ್ಲೂ ಹಾಗೆಯೇ. ಒಬ್ಬನ ಅಪರಾಧಕ್ಕೆ ಒಬ್ಬನನ್ನೇ ಹಿಡಿಯಬೇಕು, ಅದಕ್ಕೆ ಸಾಕ್ಷಿ ಬೇಕು, ಸಂಶಯವೊಂದೇ ಸಾಲದು. ನ್ಯಾಯದ ಈ ಮೊದಲ ಪಾಠವನ್ನು ನಾವು ಕಲಿತದ್ದು ವಿಮರ್ಶಕರು ಮೂಗು ಮುರಿದ ಆ ಪುಸ್ತಕಗಳಿಂದ. ಇಂದು ಒಬ್ಬ ತಪ್ಪು ಮಾಡಿದರೆ ಇಡೀ ಓಣಿಯನ್ನು ಕಟಕಟೆಯಲ್ಲಿ ನಿಲ್ಲಿಸುವವರನ್ನು ಕಂಡಾಗ, ಇವರು ಚಿಕ್ಕಂದಿನಲ್ಲಿ ಒಂದಾದರೂ ಪತ್ತೇದಾರಿ ಕಾದಂಬರಿ ಓದಬಾರದಿತ್ತೇ ಎನಿಸುತ್ತದೆ.

ವಿದ್ವಾಂಸರೂ ತಡವಾಗಿಯಾದರೂ ಕಣ್ಣು ತೆರೆದಿದ್ದಾರೆ. ಉರ್ದುವಿನ ದೊಡ್ಡ ವಿಮರ್ಶಕ ಶಮ್ಸುರ್ರಹಮಾನ್ ಫಾರೂಖಿಯವರೇ ಇಬ್ನೆ ಸಫಿಯನ್ನು ಇಂಗ್ಲಿಷಿಗೆ ಅನುವಾದಿಸಿದರು. 2011ರಲ್ಲಿ ಅವು ಪ್ರಕಟವಾದವು.

ಕಣ್ಣೀರಿನ ಕಾದಂಬರಿಗಳದು ಇನ್ನೊಂದು ದಾರಿ. ತ್ರಿವೇಣಿಯವರು ಬದುಕಿದ್ದು 1928ರಿಂದ 1963ರವರೆಗೆ ಮಾತ್ರ. ಅಷ್ಟರಲ್ಲೇ ಅವರು ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು, ಅದನ್ನು ಅರ್ಥ ಮಾಡಿಕೊಳ್ಳದ ಮನೆಯವರ ಕ್ರೌರ್ಯವನ್ನು ಬರೆದರು. ಅವರ 'ಶರಪಂಜರ'ದ ಕತೆಯನ್ನು ಕನ್ನಡ ಓದಲು ಬಾರದ ನಮ್ಮ ಖಾಲಾಗೆ ನಾವು ದಖನಿಯಲ್ಲಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಯೇ ಹಮಾರೇ ಘರ್ ಕೀಚ್ ಬಾತ್ ಹೈ" ಎಂದರು. ನಮ್ಮ ಮನೆಯದೇ ಮಾತು! ಆ ಒಂದು ಮಾತಿನಿಂದ ಕನ್ನಡ ನಮ್ಮ ಅಡುಗೆಮನೆಯವರೆಗೆ ಬಂತು.

ಇದು ಹೊಸದೇನೂ ಅಲ್ಲ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರ ಜೊತೆ ಪಿ. ಧೂಲಾಸಾಹೇಬರೂ ಇದ್ದರು. 1931ರಲ್ಲಿ ಬಂದ 'ಗರತಿಯ ಹಾಡು' ಸಂಕಲನದಲ್ಲಿ ಅವರ ಶ್ರಮವೂ ಇದೆ. ಬೀಸುವ ಕಲ್ಲಿನ ಮುಂದಿನ ಹೆಣ್ಣಿನ ನೋವನ್ನು ಕೇಳಿ ಬರೆದುಕೊಂಡ ಆ ಕೈಗೆ ಯಾರು ಜಾತಿ ಕೇಳಿದರು?

ಈಗ ಗೆಳೆಯರ ಪ್ರಶ್ನೆಗೆ ಉತ್ತರ. ಕುತೂಹಲ ಬೇಕಾದವರು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಹಿಡಿಯಲಿ. 1994ರ ಈ ಕಾದಂಬರಿಯಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ದಂಪತಿ ಒಂದು ದಿನದೊಳಗೆ ಏನೆಲ್ಲ ಕಾಣುತ್ತಾರೆಂದು ತಿಳಿಯಲು ನೀವು ಊಟ ಮರೆತರೂ ಮರೆತೀರಿ. ಚರಿತ್ರೆ ಬೇಕಾದವರು, ಅದರಲ್ಲೂ ಬಸವಣ್ಣನವರು ಹುಟ್ಟಿದ ಈ ನೆಲದವರು, ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ' ಓದಲೇಬೇಕು. ಕಲ್ಯಾಣದ ಕತೆ ಹೇಳುವ ಆರು ಕಾದಂಬರಿಗಳಲ್ಲಿ ಅದು ಕೊನೆಯದು, 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಒಂದು ವಾರಕ್ಕೆ ಮುಗಿಯದಿದ್ದರೆ ಆರು ವಾರ ಓದಿ. ಉತ್ತರ ಕರ್ನಾಟಕದ ಹಳ್ಳಿಯೊಂದು ಒಳಗಿನಿಂದಲೇ ಕುಸಿಯುವುದನ್ನು ಕಾಣಬೇಕೆಂದರೆ ರಾವಬಹಾದ್ದೂರರ 'ಗ್ರಾಮಾಯಣ' ಇದೆ. ಕಣ್ಣೀರು ತಡೆಯಬಲ್ಲೆವು ಎನ್ನುವವರು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ ನೋಡಲಿ. ಕಾಸರಗೋಡಿನ ನಾದಿರಾಳ ಕತೆಯಲ್ಲಿ ಖಳನಾಯಕ ಹೊರಗಿನವನಲ್ಲ. ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತಿದ್ದಾನೆ. ಅವನನ್ನು ತೋರಿಸಿಕೊಟ್ಟ ಲೇಖಕಿಯ ಧೈರ್ಯಕ್ಕೆ ನಾವು ಋಣಿಗಳು.

ಬಾಡಿಗೆ ಪುಸ್ತಕದ ಆ ಅಂಗಡಿ ಈಗಿಲ್ಲ. ಖಾಲಾ ಕೂಡ ಇಲ್ಲ. ಅವರ ಟ್ರಂಕಿನಲ್ಲಿ ಸಿಕ್ಕ ಇಬ್ನೆ ಸಫಿಯ ಪುಸ್ತಕವೊಂದರ ಕೊನೆಯ ಪುಟ ಹರಿದುಹೋಗಿತ್ತು. ಅಲ್ಲಿ ಬಿಳಿ ಹಾಳೆ ಅಂಟಿಸಿ, ಕತೆ ಹೇಗೆ ಮುಗಿಯಿತೆಂಬುದನ್ನು ಅವರೇ ಉರ್ದುವಿನಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದರು. ಮುಂದೆ ಓದುವವರು ನಿದ್ದೆಗೆಡಬಾರದಲ್ಲ! ಈ ಶನಿವಾರ ಒಂದು ಪುಸ್ತಕ ಓದಿ ಮುಗಿಸಿ, ಭಾನುವಾರ ಅದನ್ನು ಓಣಿಯ ಆಚೆ ಬದಿಯ ಮನೆಗೆ ಕೊಟ್ಟು ಬನ್ನಿ.