ಕ್ವಾರ್ಟೆಟ್ ವಾದನವನ್ನು ವೃತ್ತಿಯಾಗಿಸಿದ ಶುಪ್ಪಾನ್‌ಸಿಗ್
ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್ 18ನೆಯ ಶತಮಾನದಲ್ಲಿ ಬಹುಮಟ್ಟಿಗೆ ಮನೆಯೊಳಗಿನ ಸಂಗೀತವಾಗಿತ್ತು. ಅದನ್ನು ವೃತ್ತಿಯ ಮಟ್ಟಕ್ಕೇರಿಸಿದವರಲ್ಲಿ ವಿಯೆನ್ನಾದ ಇಗ್ನಾಜ್ ಶುಪ್ಪಾನ್‌ಸಿಗ್ (1776–1830) ಅಗ್ರಗಣ್ಯ. 1790ರ ದಶಕದಲ್ಲಿ ಪ್ರಿನ್ಸ್ ಲಿಖ್ನೋವ್‌ಸ್ಕಿಯ ಮನೆಯ ಶುಕ್ರವಾರದ ಕಛೇರಿಗಳಲ್ಲಿ ಈ ಯುವಕನದೇ ಮುಖ್ಯ ಪಿಟೀಲು. ಬೀಥೋವನ್‌ನ ಒಡನಾಟ ಬೆಳೆದದ್ದೂ ಆ ಕಾಲದಲ್ಲೇ. 1804–05ರ ಚಳಿಗಾಲದಲ್ಲಿ ಶುಪ್ಪಾನ್‌ಸಿಗ್ ಸಾರ್ವಜನಿಕರಿಗಾಗಿಯೇ ಕ್ವಾರ್ಟೆಟ್ ಕಛೇರಿಗಳನ್ನು ಏರ್ಪಡಿಸಿದ.

1808ರಲ್ಲಿ ರಷ್ಯದ ಕೌಂಟ್ ರಜುಮೋವ್‌ಸ್ಕಿ ಸಂಬಳ ಕೊಟ್ಟು ಕಾಯಂ ತಂಡವೊಂದನ್ನು ಇರಿಸಿಕೊಂಡಾಗ ಅದರ ನಾಯಕತ್ವವೂ ಶುಪ್ಪಾನ್‌ಸಿಗ್‌ನದಾಯಿತು. ನಿತ್ಯ ಜೊತೆಯಾಗಿ ಅಭ್ಯಾಸ ಮಾಡುವ ನಾಲ್ವರು ಸಿಕ್ಕಿದ್ದು ಬೀಥೋವನ್‌ಗೆ ದೊಡ್ಡ ವರವೇ ಸರಿ. 1814ರ ಕೊನೆಯ ದಿನ ಕೌಂಟನ ಅರಮನೆಗೆ ಬೆಂಕಿ ಬಿತ್ತು. ಆ ಪೆಟ್ಟಿನ ಬಳಿಕ 1816ರಲ್ಲಿ ತಂಡ ಚದುರಿ, ಶುಪ್ಪಾನ್‌ಸಿಗ್ ರಷ್ಯಕ್ಕೆ ಹೋದ.

1823ರಲ್ಲಿ ವಿಯೆನ್ನಾಕ್ಕೆ ಮರಳಿದ ಮೇಲಿನ ವರ್ಷಗಳೇ ಆತನ ಬದುಕಿನ ಅತ್ಯಂತ ಕಠಿಣ, ಅತ್ಯಂತ ಫಲವತ್ತಾದ ಭಾಗ. 1824ರ ಮಾರ್ಚ್‌ನಲ್ಲಿ ಆತನ ತಂಡ ಮೊದಲು ನುಡಿಸಿದ ಎ ಮೈನರ್ ಕ್ವಾರ್ಟೆಟನ್ನು ಶೂಬರ್ಟ್ ಆತನಿಗೇ ಅರ್ಪಿಸಿದ. ಮರುವರ್ಷ ಬೀಥೋವನ್‌ನ ಓಪಸ್ 127 ಕ್ವಾರ್ಟೆಟ್‌ನ ಪ್ರಥಮ ಪ್ರದರ್ಶನ ಮಾತ್ರ ಸೋತಿತು. ಸಿಟ್ಟಾದ ಬೀಥೋವನ್ ಅದನ್ನು ಇನ್ನೊಬ್ಬ ಪಿಟೀಲುಗಾರ ಯೋಸೆಫ್ ಬೋಮ್ ನುಡಿಸುವಂತೆ ಮಾಡಿದ. ಮೊದಲ ಪ್ರದರ್ಶನದ ಅಭ್ಯಾಸಕ್ಕೆ ತೀರ ಕಡಿಮೆ ಕಾಲ ಸಿಕ್ಕಿದ್ದರಿಂದ ತಪ್ಪನ್ನೆಲ್ಲ ಶುಪ್ಪಾನ್‌ಸಿಗ್‌ನ ಮೇಲೆ ಹೊರಿಸುವುದು ನ್ಯಾಯವಲ್ಲ. 1826ರಲ್ಲಿ ಓಪಸ್ 130ನ್ನು ಮೊದಲು ಕೇಳಿಸಿದ್ದು ಮತ್ತೆ ಶುಪ್ಪಾನ್‌ಸಿಗ್‌ನ ತಂಡವೇ.